ಏರುವುದು, ಏರಿಸುವುದು: ಇಂಗ್ಲಿಷಿನ ಒಂದು ಜೋಡಿ ಕ್ರಿಯಾಪದದ ಚರಿತ್ರೆ

ಲಂಡನ್ನಿನಲ್ಲಿ ನಿಮ್ಮ ಸಂಬಳ ಜಾಸ್ತಿಯಾದರೆ ನಿಮಗೆ ಸಿಕ್ಕಿದ್ದು ‘ರೈಸ್’. ಅದೇ ಸಂಬಳ ನ್ಯೂಜೆರ್ಸಿಯಲ್ಲಿ ಜಾಸ್ತಿಯಾದರೆ ‘ರೇಯ್ಸ್’. ಬೆಂಗಳೂರಿನ ಆಫೀಸಿನಲ್ಲಾದರೆ ಎರಡೂ ಅಲ್ಲ, ‘ಇನ್‌ಕ್ರಿಮೆಂಟ್’. ದುಡ್ಡು ಒಂದೇ, ಹೆಸರು ಮಾತ್ರ ಬೇರೆ. ಇದರಲ್ಲೇನು ವಿಶೇಷ ಅಂತ ನಿಮಗೆ ಅನ್ನಿಸಬಹುದು. ಆದರೆ ಈ ಎರಡು ಪುಟ್ಟ ಪದಗಳ ಹಿಂದೆ ಒಂದು ಸಾವಿರ ವರ್ಷಕ್ಕೂ ಹಳೆಯ ವಲಸೆಯ ಕಥೆಯಿದೆ. ಮನೆಯೊಳಗೆ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಇಟ್ಟುಕೊಂಡು ಬದುಕುತ್ತಿರುವ ನಮ್ಮಂಥವರು ಒಮ್ಮೆ ಕೇಳಲೇಬೇಕಾದ ಕಥೆ ಅದು.

ಮೊದಲಿಗೆ ಒಂದು ಸಣ್ಣ ಸೂಚನೆ. ಇಲ್ಲಿ ‘ರೈಸ್’ ಅಂದರೆ ತಾನಾಗಿಯೇ ಮೇಲೇಳುವುದು, ಏರುವುದು. ಅನ್ನದ ರೈಸ್ ಅಲ್ಲ. ‘ರೇಯ್ಸ್’ ಅಂದರೆ ಬೇರೆ ಏನನ್ನಾದರೂ ಮೇಲೆತ್ತುವುದು, ಏರಿಸುವುದು. ಓಟದ ರೇಸ್ ಅಲ್ಲ. ಎರಡರ ಕೊನೆಯಲ್ಲೂ ಇಂಗ್ಲಿಷಿನಲ್ಲಿ ಕೇಳಿಸುವುದು ಗುಂಯ್‌ಗುಡುವ ‘ಝ’ ಧ್ವನಿ. ಕನ್ನಡ ಬರವಣಿಗೆಯ ವಾಡಿಕೆಯಂತೆ ‘ಸ್’ ಎಂದೇ ಬರೆಯುತ್ತಿದ್ದೇನೆ.

ಈಗ ನೋಡಿ. ಕರ್ನಾಟಕದ ಶಾಲೆಗಳಲ್ಲಿ ಇಂಗ್ಲಿಷ್ ಕಲಿತವರಿಗೆ ಈ ಜೋಡಿ ಒಂದು ತಲೆನೋವು. ‘ಕೈ ಎತ್ತಿ’ ಅನ್ನೋಕೆ ರೈಸೋ ರೇಯ್ಸೋ? ಬೆಲೆ ರೈಸ್ ಆಯಿತೋ ರೇಯ್ಸ್ ಆಯಿತೋ? ಇತ್ತ ಹೊರದೇಶದಲ್ಲಿ ಹುಟ್ಟಿ ಬೆಳೆದು ಈಗ ಕನ್ನಡ ಕಲಿಯುತ್ತಿರುವವರಿಗೆ ಇದೇ ತಲೆನೋವು ಇನ್ನೊಂದು ದಿಕ್ಕಿನಿಂದ. ‘ನಾನು ಎದ್ದೆ’ ಸರಿ, ‘ಅಮ್ಮ ನನ್ನನ್ನು ಎದ್ದಳು’ ಯಾಕೆ ತಪ್ಪು? ‘ಎಬ್ಬಿಸಿದಳು’ ಅಂತ ಯಾಕೆ ಅನ್ನಬೇಕು? ಎರಡೂ ಕಡೆಯವರು ಬಿಡಿಸಲು ಹೆಣಗುತ್ತಿರುವುದು ಒಂದೇ ಗಂಟು.

ಕನ್ನಡದಲ್ಲಿ ಈ ಗಂಟು ಬಿಡಿಸುವುದು ಸುಲಭ. ಕ್ರಿಯಾಪದಕ್ಕೆ ‘ಇಸು’ ಸೇರಿಸಿದರೆ ‘ಆ ಕೆಲಸ ಆಗುವಂತೆ ಮಾಡು’ ಎಂಬ ಅರ್ಥ ಬರುತ್ತದೆ. ಏರು–ಏರಿಸು, ಕೂರು–ಕೂರಿಸು, ಕುಡಿ–ಕುಡಿಸು, ಮಲಗು–ಮಲಗಿಸು. ಏಳು–ಎಬ್ಬಿಸು ಸ್ವಲ್ಪ ವಕ್ರವಾಗಿದ್ದರೂ ಅದೇ ಜಾತಿಯದ್ದು. ಈ ‘ಇಸು’ ಕನ್ನಡದಲ್ಲಿ ಇವತ್ತಿಗೂ ಜೀವಂತ ಯಂತ್ರ. ನಾಳೆ ಹೊಸ ಕ್ರಿಯಾಪದ ಬಂದರೂ ಅದರ ಬಾಲಕ್ಕೆ ಹಚ್ಚಬಹುದು.

ಇಂಗ್ಲಿಷಿನ ಪೂರ್ವಜ ಭಾಷೆಗೂ ಇಂಥದ್ದೇ ಯಂತ್ರ ಇತ್ತು. ಇಂಗ್ಲಿಷ್, ಜರ್ಮನ್, ಡಚ್, ಡೇನಿಶ್, ನಾರ್ವೇಜಿಯನ್ ಇವೆಲ್ಲಕ್ಕೂ ತಾಯಿಯಾದ ಪ್ರಾಚೀನ ಜರ್ಮಾನಿಕ್ ಭಾಷೆಯಲ್ಲಿ ಕ್ರಿಯಾಪದದ ಒಳಗಿನ ಸ್ವರ ಬದಲಿಸಿ, ಕೊನೆಗೆ ಒಂದು ‘ಯ’ಕಾರದ ಪ್ರತ್ಯಯ ಹಚ್ಚಿದರೆ ನಮ್ಮ ‘ಇಸು’ ಅರ್ಥ ಬರುತ್ತಿತ್ತು. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲಾ ಗೋಥಿಕ್ ಭಾಷೆಗೆ ಮಾಡಿದ ಬೈಬಲ್ ಅನುವಾದದಲ್ಲಿ ‘ಎದ್ದೇಳು’, ‘ಎಬ್ಬಿಸು’ ಎರಡೂ ಹೀಗೆ ಜೋಡಿಯಾಗಿಯೇ ಸಿಗುತ್ತವೆ. ಇಂಗ್ಲಿಷಿನಲ್ಲಿ ಆ ಯಂತ್ರ ಕೆಟ್ಟು ನಿಂತು ಬಹಳ ಕಾಲವಾಯಿತು. ಆದರೆ ಅದು ತಯಾರಿಸಿದ ಕೆಲವು ಜೋಡಿಗಳು ಉಳಿದಿವೆ. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು. ಫಾಲ್ ಅಂದರೆ ಬೀಳು, ಮರ ಕಡಿದು ಬೀಳಿಸುವುದಕ್ಕೆ ಫೆಲ್. ಡ್ರಿಂಕ್ ಅಂದರೆ ಕುಡಿ, ಡ್ರೆಂಚ್ ಅಂದರೆ ಮೂಲದಲ್ಲಿ ಕುಡಿಸು. ಈಗ ತೊಪ್ಪೆಯಾಗಿ ನೆನೆಸು ಎಂಬ ಅರ್ಥಕ್ಕೆ ಜಾರಿದೆ. ಇದೇ ಸಾಲಿನಲ್ಲಿ ಬರುವುದು ನಮ್ಮ ರೈಸ್ ಮತ್ತು ರೇಯ್ಸ್.

ಇನ್ನೊಂದು ಸ್ವಾರಸ್ಯ ಇದೆ. ರೈಸ್‌ನ ಭೂತಕಾಲ ‘ರೋಸ್’, ಒಳಗಿನ ಸ್ವರವೇ ಬದಲಾಗುತ್ತದೆ. ರೇಯ್ಸ್‌ನ ಭೂತಕಾಲ ‘ರೇಯ್ಸ್ಡ್’, ಬರೀ ಬಾಲ ಸೇರಿಸಿದರೆ ಆಯಿತು. ಕನ್ನಡದಲ್ಲೂ ಹಾಗೇ ಅಲ್ಲವೇ? ಏಳು ಎಂಬುದು ‘ಎದ್ದ’ ಆಗುತ್ತದೆ, ಕಲಿಯುವವರು ಬಾಯಿಪಾಠ ಮಾಡಬೇಕು. ಎಬ್ಬಿಸು ಎಂಬುದು ಸಲೀಸಾಗಿ ‘ಎಬ್ಬಿಸಿದ’ ಆಗುತ್ತದೆ. ಸಂಬಂಧವೇ ಇಲ್ಲದ ಎರಡು ಭಾಷಾ ಕುಟುಂಬಗಳು, ಒಂದೇ ನಡೆ. ಮೂಲ ಕ್ರಿಯಾಪದ ಹಳೆಯದು, ಸವೆದು ಸವೆದು ವಿಚಿತ್ರ ಆಕಾರ ಪಡೆದದ್ದು. ಅದರಿಂದ ಹುಟ್ಟಿಸಿದ್ದು ನಿಯಮದ ಹಾದಿಯಲ್ಲಿ ನಡೆಯುವಂಥದ್ದು.

ಇಲ್ಲಿಯವರೆಗೆ ವ್ಯಾಕರಣ. ಈಗ ಚರಿತ್ರೆಗೆ ಬರೋಣ.

ಹಳೆಯ ಇಂಗ್ಲಿಷಿನಲ್ಲಿ, ಅಂದರೆ 1066ರಲ್ಲಿ ನಾರ್ಮನ್ನರು ಬರುವುದಕ್ಕೆ ಮುಂಚಿನ ಇಂಗ್ಲಿಷಿನಲ್ಲಿ, ‘ಏಳು’ ಅನ್ನುವುದಕ್ಕೆ ‘ರೀಸನ್’ ಎಂಬ ಪದ ಇತ್ತು. ಅದಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ‘ಅರೀಸನ್’, ಇವತ್ತಿನ ‘ಅರೈಸ್’. ಇದರ ‘ಎಬ್ಬಿಸು’ ರೂಪ ಏನಿರಬೇಕಿತ್ತು ಹೇಳಿ? ರೇಯ್ಸ್ ಅಂತ ನೀವು ಊಹಿಸಿದರೆ ಅದು ಸರಿಯಲ್ಲ. ಇಂಗ್ಲಿಷಿನ ಸ್ವಂತ ಪದ ‘ರ್‍ಯಾರನ್’, ಇವತ್ತಿನ ‘ರಿಯರ್’. ಮಕ್ಕಳನ್ನು ‘ರಿಯರ್’ ಮಾಡುವುದು ಅನ್ನುತ್ತಾರಲ್ಲ, ಅದೇ. ಕಾರಿನ ಹಿಂಬದಿಯ ‘ರಿಯರ್’ ಬೇರೆ, ಅದು ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು.

ರೈಸ್ ಎಲ್ಲಿ, ರಿಯರ್ ಎಲ್ಲಿ? ‘ಝ’ ಇದ್ದ ಕಡೆ ‘ರ’ ಹೇಗೆ ಬಂತು? ಇದಕ್ಕೆ ಉತ್ತರ ಹುಡುಕಿದವನು ಕಾರ್ಲ್ ವರ್ನರ್ ಎಂಬ ಡೇನಿಶ್ ವಿದ್ವಾಂಸ, 1870ರ ದಶಕದಲ್ಲಿ. ಪ್ರಾಚೀನ ಕಾಲದಲ್ಲಿ ಪದದ ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತಿತ್ತು ಎಂಬುದರ ಮೇಲೆ ಕೆಲವು ‘ಸ’ಗಳು ಮೆತ್ತಗಾಗಿ ‘ಝ’ ಆದವು, ಆಮೇಲೆ ಇಂಗ್ಲಿಷಿನಲ್ಲಿ ಆ ‘ಝ’ಗಳು ‘ರ’ ಆದವು. ಅದರ ಗುರುತು ನೀವು ದಿನಾ ಬಳಸುವ ಮಾತಿನಲ್ಲೇ ಇದೆ: ಏಕವಚನಕ್ಕೆ ‘ವಾಸ್’, ಬಹುವಚನಕ್ಕೆ ‘ವರ್’. ಅದೇ ‘ಸ–ರ’ ಆಟ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದ ಹಾಗೆ, ಇದೂ ಒಂದು ಧ್ವನಿ ಇನ್ನೊಂದಾಗಿ ಬದಲಾದ ಕಥೆ.

ಹಾಗಾದರೆ ರೇಯ್ಸ್ ಎಲ್ಲಿಂದ ಬಂತು? ಹಡಗಿನಲ್ಲಿ ಬಂತು.

793ರಲ್ಲಿ ಇಂಗ್ಲೆಂಡಿನ ಈಶಾನ್ಯ ತೀರದ ಲಿಂಡಿಸ್‌ಫಾರ್ನ್ ದ್ವೀಪದ ಕ್ರೈಸ್ತ ಮಠದ ಮೇಲೆ ವೈಕಿಂಗರು ದಾಳಿ ಮಾಡಿದರು. ಆಮೇಲೆ ದಾಳಿಗಳು ಮತ್ತೆ ಮತ್ತೆ ನಡೆದವು. 865ರಲ್ಲಿ ಬಂದದ್ದು ದೊಡ್ಡ ಸೈನ್ಯ. ಮರುವರ್ಷ ಯಾರ್ಕ್ ನಗರ ಅವರ ಕೈಸೇರಿತು. ಆದರೆ ನಮ್ಮ ಕಥೆಗೆ ಮುಖ್ಯವಾದ ವರ್ಷ 876. ಆ ವರ್ಷ ಹಾಫ್ಡನ್ ಎಂಬ ನಾಯಕ ನಾರ್ಥಂಬ್ರಿಯಾದ ಭೂಮಿಯನ್ನು ತನ್ನವರಿಗೆ ಹಂಚಿದ, ಅವರು ಉಳುಮೆಗೆ ತೊಡಗಿದರು ಅಂತ ಆಂಗ್ಲೋ–ಸ್ಯಾಕ್ಸನ್ ಕ್ರಾನಿಕಲ್ ದಾಖಲಿಸುತ್ತದೆ. ಕೊಳ್ಳೆ ಹೊಡೆಯಲು ಬಂದವರು ನೇಗಿಲು ಹಿಡಿದರು. 878ರಲ್ಲಿ ರಾಜ ಆಲ್ಫ್ರೆಡ್ ಎಡಿಂಗ್ಟನ್‌ನಲ್ಲಿ ಡೇನರ ನಾಯಕ ಗುಥ್ರುಮ್‌ನನ್ನು ಸೋಲಿಸಿದ ಮೇಲೆ ಒಪ್ಪಂದವಾಗಿ ಗಡಿ ಗುರುತಾಯಿತು. ಉತ್ತರ ಮತ್ತು ಪೂರ್ವದ ದೊಡ್ಡ ಭಾಗ ಮುಂದೆ ‘ಡೇನ್‌ಲಾ’ ಅಂತ ಹೆಸರಾಯಿತು. ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಹೀಗೆ ‘ಬಿ’ ಎಂದು ಕೊನೆಯಾಗುವ ನೂರಾರು ಊರುಗಳು ಅಲ್ಲಿವೆ. ‘ಬಿ’ ಅಂದರೆ ಆ ವಲಸಿಗರ ನುಡಿಯಲ್ಲಿ ಹಳ್ಳಿ. ಯುಕೆಯಲ್ಲಿರುವ ಓದುಗರೇ, ಮುಂದಿನ ಸಲ ಆ ಕಡೆ ಕಾರು ಓಡಿಸುವಾಗ ರಸ್ತೆಯ ಫಲಕಗಳನ್ನು ಗಮನಿಸಿ.

ಈ ವಲಸಿಗರು ಆಡುತ್ತಿದ್ದದ್ದು ನಾರ್ಸ್ ಭಾಷೆ. ಇಂಗ್ಲಿಷಿಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆ. ತಕ್ಕಮಟ್ಟಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಸಂತೆಯಲ್ಲಿ ವ್ಯಾಪಾರ, ಗದ್ದೆ ಪಕ್ಕ ಗದ್ದೆ, ಮದುವೆ ಸಂಬಂಧ. ಒಂದೇ ಮನೆಯಲ್ಲಿ ಎರಡೂ ನುಡಿ. ಅಲ್ಲಿ ‘ಎಬ್ಬಿಸು, ಎತ್ತಿ ನಿಲ್ಲಿಸು’ ಅನ್ನುವುದಕ್ಕೆ ಎರಡು ಪದ ಓಡಾಡತೊಡಗಿದವು. ಇಂಗ್ಲಿಷಿನ ‘ರ್‍ಯಾರನ್’, ನಾರ್ಸ್‌ನ ‘ರೈಸಾ’. ಎರಡೂ ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ಊರಲ್ಲಿ ಬೆಳೆದು ಮತ್ತೆ ಒಂದೇ ಸೂರಿನಡಿ ಬಂದು ಸೇರಿದವರು.

ಹೀಗೆ ಬಂದ ಪದಗಳ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತದೆ. ಟೇಕ್, ಗೆಟ್, ಎಗ್, ಸ್ಕೈ, ಸ್ಕಿನ್, ನೈಫ್, ಲಾ, ಹಸ್ಬೆಂಡ್. ವಿಂಡೋ ಕೂಡ. ಅದರ ಮೂಲ ಅರ್ಥ ‘ಗಾಳಿಗಣ್ಣು’. ನಮ್ಮ ಗವಾಕ್ಷ ಅಂದರೆ ‘ಹಸುವಿನ ಕಣ್ಣು’ ಅನ್ನುವುದು ನೆನಪಿರಲಿ! ‘ಅವರು’ ಎಂಬರ್ಥದ ‘ದೇ’ ಸಹ ನಾರ್ಸ್‌ನದ್ದೇ. ಒಂದು ಭಾಷೆ ಸರ್ವನಾಮವನ್ನೇ ಸಾಲ ತರುವುದು ಅಪರೂಪ. ಕಾನೂನಿನ ‘ಲಾ’ ಬಿಟ್ಟರೆ ಹೆಚ್ಚಿನವು ಅಡುಗೆಮನೆ, ಅಂಗಳ, ಮೈಕೈಗೆ ಸೇರಿದ ಪದಗಳು. ಅವು ಮನೆಮಾತಿನೊಳಗೇ ಇಳಿದವು.

ಅದನ್ನು ಕಣ್ಣಾರೆ ನೋಡಬೇಕಾದರೆ ಓರ್ಮ್ ಎಂಬ ಸನ್ಯಾಸಿಯನ್ನು ಭೇಟಿಯಾಗಬೇಕು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಲಿಂಕನ್‌ಶೈರ್ ಕಡೆಯಲ್ಲಿದ್ದ ಇವನು ‘ಓರ್ಮುಲಮ್’ ಎಂಬ ದೊಡ್ಡ ಪದ್ಯಗ್ರಂಥ ಬರೆದ. ಅದರ ಹಸ್ತಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಇಂಗ್ಲಿಷಿನಲ್ಲಿ ರೇಯ್ಸ್ ಪದ ಕಾಣಿಸಿಕೊಳ್ಳುವ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಓದುವವರು ಪದಗಳನ್ನು ತಪ್ಪು ಉಚ್ಚರಿಸಬಾರದು ಅಂತ ಅವನಿಗೆ ವಿಪರೀತ ಕಾಳಜಿ. ಅದಕ್ಕಾಗಿ, ಸ್ವರ ಹ್ರಸ್ವ ಅಂತ ತೋರಿಸಲು ಅದರ ಮುಂದಿನ ವ್ಯಂಜನವನ್ನು ಎರಡೆರಡು ಸಲ ಬರೆಯುವ ತನ್ನದೇ ಕಾಗುಣಿತ ಮಾಡಿಕೊಂಡಿದ್ದ. ವಿದೇಶದಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವವರಿಗೆ ಈ ಮನುಷ್ಯನ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಅವನ ಹೆಸರು ಗಮನಿಸಿ. ಓರ್ಮ್ ಎಂಬುದು ನಾರ್ಸ್ ಹೆಸರು, ಹಾವು ಅಂತ ಅರ್ಥ. ಅವನು ಗ್ರಂಥವನ್ನು ಅರ್ಪಿಸಿದ್ದು ತನ್ನ ತಮ್ಮನೋ ಅಣ್ಣನೋ ಆದ ವಾಲ್ಟರ್‌ಗೆ. ವಾಲ್ಟರ್ ಎಂಬುದು ನಾರ್ಮನ್ನರ ಜೊತೆ ಬಂದ ಹೆಸರು. ಒಂದೇ ಮನೆಯಲ್ಲಿ ಒಬ್ಬನಿಗೆ ವೈಕಿಂಗ್ ಹೆಸರು, ಇನ್ನೊಬ್ಬನಿಗೆ ಹೊಸ ಆಳರಸರ ಕಡೆಯ ಹೆಸರು. ಬರೆದದ್ದು ಮಾತ್ರ ಇಂಗ್ಲಿಷಿನಲ್ಲಿ. ನಿಮ್ಮ ಬಳಗದ ಮಕ್ಕಳ ಹೆಸರುಗಳನ್ನು ಒಮ್ಮೆ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿ, ಈ ಅಣ್ಣತಮ್ಮಂದಿರು ದೂರದವರು ಅನ್ನಿಸುವುದಿಲ್ಲ.

ಈ ಬೆರಕೆ ಸುಲಭವಾಗಿ ಇತ್ಯರ್ಥವಾಗಲಿಲ್ಲ. ಇಂಗ್ಲೆಂಡಿಗೆ ಮುದ್ರಣ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಥೇಮ್ಸ್ ನದಿಯಲ್ಲಿ ಗಾಳಿಯಿಲ್ಲದೆ ಹಡಗು ನಿಂತಾಗ ಕೆಲವು ವ್ಯಾಪಾರಿಗಳು ದಡಕ್ಕಿಳಿದು ಒಬ್ಬ ಗೃಹಿಣಿಯ ಹತ್ತಿರ ಮೊಟ್ಟೆ ಕೇಳಿದರು. ಒಬ್ಬ ಬಳಸಿದ್ದು ನಾರ್ಸ್ ಮೂಲದ ‘ಎಗ್ಸ್’. ಆಕೆ ನನಗೆ ಫ್ರೆಂಚ್ ಬರುವುದಿಲ್ಲ ಅಂದಳು! ಅವನಿಗೆ ಸಿಟ್ಟು ಬಂತು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಇನ್ನೊಬ್ಬ ಹಳೆಯ ಇಂಗ್ಲಿಷ್ ಪದ ‘ಐರೆನ್’ ಅಂದಾಗ ಆಕೆಗೆ ತಿಳಿಯಿತು. ಧಾರವಾಡದವರು ‘ತತ್ತಿ’ ಅಂದಾಗ ಮೈಸೂರಿನವರು ಒಂದು ಕ್ಷಣ ತಡವರಿಸುವುದು ನೆನಪಾಗುತ್ತದೆ. ಕೊನೆಗೆ ಗೆದ್ದದ್ದು ‘ಎಗ್’. ‘ಐರೆನ್’ ಪೂರ್ತಿ ಕಣ್ಮರೆಯಾಯಿತು.

ರಿಯರ್ ಮತ್ತು ರೇಯ್ಸ್ ನಡುವೆ ಅಷ್ಟು ಕಠಿಣ ತೀರ್ಪಾಗಲಿಲ್ಲ. ರಿಯರ್ ಸಾಯಲಿಲ್ಲ, ಅದರ ಕೆಲಸಗಳು ಒಂದೊಂದಾಗಿ ಕೈತಪ್ಪಿದವು. ಕೈ ಎತ್ತುವುದು, ಸೈನ್ಯ ಕಟ್ಟುವುದು, ತೆರಿಗೆ ಹೆಚ್ಚಿಸುವುದು, ಚಂದಾ ಎತ್ತುವುದು, ಪ್ರಶ್ನೆ ಎತ್ತುವುದು, ಸತ್ತವರನ್ನು ಎಬ್ಬಿಸುವುದು, ಎಲ್ಲಕ್ಕೂ ರೇಯ್ಸ್ ಬಂತು. ರಿಯರ್‌ಗೆ ಉಳಿದದ್ದು ಕುದುರೆ ಮುಂಗಾಲೆತ್ತಿ ನಿಲ್ಲುವುದು, ಪ್ರಾಣಿ ಸಾಕುವುದು, ಮಕ್ಕಳನ್ನು ಬೆಳೆಸುವುದು ಹೀಗೆ ಬೆರಳೆಣಿಕೆಯ ಕೆಲಸ.

ಅದರಲ್ಲಿ ಮಕ್ಕಳ ಕೆಲಸವನ್ನೂ ಅಮೆರಿಕದಲ್ಲಿ ರೇಯ್ಸ್ ಕಸಿದುಕೊಂಡಿತು. ಅಲ್ಲಿನ ರೈತರು ಬೆಳೆ ‘ರೇಯ್ಸ್’ ಮಾಡುತ್ತಿದ್ದರು. ಊರವರೆಲ್ಲ ಸೇರಿ ಒಬ್ಬನ ಕೊಟ್ಟಿಗೆಯ ಮರದ ಚೌಕಟ್ಟು ಎತ್ತಿ ನಿಲ್ಲಿಸುವುದಕ್ಕೂ ಅದೇ ಪದ. ಆದರೆ ಮಕ್ಕಳಿಗೆ? ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ, ನ್ಯೂ ಇಂಗ್ಲೆಂಡಿನಲ್ಲಿ ಈ ಪದವನ್ನು ಮನುಷ್ಯರಿಗೆ ಬಳಸುವುದಿಲ್ಲ, ದಕ್ಷಿಣದ ರಾಜ್ಯಗಳಲ್ಲಿ ಬಳಸುತ್ತಾರೆ ಅಂತ ಟಿಪ್ಪಣಿ ಬರೆದ. ಹಂದಿಯನ್ನು ರೇಯ್ಸ್ ಮಾಡಿ, ಮಗುವನ್ನು ರಿಯರ್ ಮಾಡಿ ಅಂತ ಮೇಷ್ಟ್ರುಗಳು ಬಹಳ ಕಾಲ ಪಾಠ ಹೇಳಿದರು. ಯಾರೂ ಕೇಳಲಿಲ್ಲ. ಕನ್ನಡಕ್ಕೆ ಈ ಮುಜುಗರವೇ ಇಲ್ಲ ನೋಡಿ. ನಾಯಿಯನ್ನೂ ಸಾಕುತ್ತೇವೆ, ಮಗುವನ್ನೂ ಸಾಕಿ ಸಲಹುತ್ತೇವೆ. ಬೆಳೆಯನ್ನೂ ಬೆಳೆಸುತ್ತೇವೆ, ಮಕ್ಕಳನ್ನೂ ಬೆಳೆಸುತ್ತೇವೆ.

ಹೀಗೆ, ಯಾರ್ಕ್‌ಷೈರಿನ ವಲಸಿಗರು ತಂದ ಪದವೇ ಇವತ್ತು ಅಮೆರಿಕದಲ್ಲಿ ‘ನೀನು ಎಲ್ಲಿ ಬೆಳೆದೆ’ ಅಂತ ಕೇಳುವ ಪದ. ನಮ್ಮ ಎರಡನೆಯ ತಲೆಮಾರಿನವರಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಅದು.

ಇಲ್ಲಿ ನನ್ನ ಕಸುಬಿಗೆ ಹತ್ತಿರದ ಒಂದು ಲೆಕ್ಕ ಹೇಳಬೇಕು. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸಂಶೋಧಕರು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಿಂಬಾಲಿಸಿದರು. ನಡುಗಾಲದ ಇಂಗ್ಲಿಷಿನಲ್ಲಿ 145 ಅನಿಯಮಿತವಾಗಿಯೇ ಉಳಿದಿದ್ದವು, ಇವತ್ತಿಗೆ 98. ಉಳಿದವು ನಿಯಮದ ದಾರಿಗೆ ಬಂದವು. ಯಾವುದು ಉಳಿಯಿತು, ಯಾವುದು ಬದಲಾಯಿತು ಎಂಬುದನ್ನು ಹೆಚ್ಚಾಗಿ ನಿರ್ಧರಿಸಿದ್ದು ಒಂದೇ ಸಂಗತಿ, ಎಷ್ಟು ಸಲ ಬಳಸುತ್ತಾರೆ ಎಂಬುದು. ನೂರು ಪಟ್ಟು ಕಡಿಮೆ ಬಳಕೆಯ ಪದ ಹತ್ತು ಪಟ್ಟು ಬೇಗ ತನ್ನ ಹಳೆಯ ರೂಪ ಕಳೆದುಕೊಳ್ಳುತ್ತದೆ. ಹತ್ತುವುದು ಎಂಬರ್ಥದ ‘ಕ್ಲೈಮ್’ ಪದಕ್ಕೆ ಹಿಂದೆ ‘ಕ್ಲೋಮ್’ ಎಂಬ ಭೂತಕಾಲ ಇತ್ತು. ಈಗ ಅದು ಬರೀ ‘ಕ್ಲೈಮ್ಡ್’. ರೈಸ್ ಮಾತ್ರ ‘ರೋಸ್’ ಆಗಿಯೇ ಉಳಿದಿದೆ.

ನಿಮ್ಮ ಮಗು ‘ನಾನು ಏಳಿದೆ’ ಅಂದರೆ ನಗಬೇಡಿ. ಅದು ನಿಯಮವನ್ನು ಸರಿಯಾಗಿ ಕಲಿತಿದೆ. ‘ಎದ್ದೆ’ ಎಂಬುದು ಸಾಕಷ್ಟು ಸಲ ಕಿವಿಗೆ ಬಿದ್ದಿಲ್ಲ, ಅಷ್ಟೇ.

ಈಗ ನಮ್ಮ ಮಾತಿಗೆ ಬರೋಣ. ಹೊರನಾಡಿನ ಕನ್ನಡಿಗರ ಕೂಟಗಳಲ್ಲಿ ಒಂದು ವಾದ ಮುಗಿಯುವುದೇ ಇಲ್ಲ. ಮಕ್ಕಳ ಕನ್ನಡದಲ್ಲಿ ಇಂಗ್ಲಿಷ್ ಬೆರೆತರೆ ಕನ್ನಡ ಕೆಟ್ಟಂತೆಯೇ? ಮೇಲಿನ ಕಥೆಯನ್ನು ಅರ್ಧ ಕೇಳಿದರೆ ಸಮಾಧಾನ ಸಿಗುತ್ತದೆ. ಇಂಗ್ಲಿಷ್ ತನ್ನ ಸರ್ವನಾಮವನ್ನೇ ಸಾಲ ತಂದೂ ಬದುಕಿದೆ. ಕನ್ನಡವೂ ಸಂಸ್ಕೃತದಿಂದ ಪದ ತಂದು ಅದಕ್ಕೆ ‘ಇಸು’ ಹಚ್ಚಿ ಯೋಚಿಸು, ಚಿಂತಿಸು ಅಂತ ತನ್ನದಾಗಿಸಿಕೊಂಡಿದೆ. ಎರವಲು ಪದದಿಂದ ಭಾಷೆ ಸಾಯುವುದಿಲ್ಲ.

ಆದರೆ ಉಳಿದರ್ಧವನ್ನೂ ಕೇಳಿ. ಈ ಕಥೆಯಲ್ಲಿ ನಾವು ಇಂಗ್ಲಿಷರಲ್ಲ. ನಾವು ಆ ನಾರ್ಸ್ ವಲಸಿಗರು. ಬೇರೆಯವರ ನೆಲದಲ್ಲಿ ಮನೆ ಕಟ್ಟಿ, ದುಡಿದು, ಅಕ್ಕಪಕ್ಕದವರೊಂದಿಗೆ ಬೆರೆತವರು. ಅವರ ಪದಗಳು ಇಂಗ್ಲಿಷಿನಲ್ಲಿ ಗೆದ್ದವು. ಅವರ ಭಾಷೆ ಮಾತ್ರ ಇಂಗ್ಲೆಂಡಿನಲ್ಲಿ ಕೆಲವೇ ತಲೆಮಾರುಗಳಲ್ಲಿ ನಿಂತುಹೋಯಿತು. ಓರ್ಮ್‌ನ ಹೊತ್ತಿಗೆ ನಾರ್ಸ್ ಹೆಸರಿಟ್ಟುಕೊಂಡವನೂ ಬರೆಯುತ್ತಿದ್ದದ್ದು ಇಂಗ್ಲಿಷೇ. ಯಾರೂ ನಿಷೇಧ ಹೇರಿ ನಿಲ್ಲಿಸಿದ್ದಲ್ಲ. ಒಂದೊಂದೇ ಕೆಲಸವನ್ನು ಇನ್ನೊಂದು ಭಾಷೆಯಲ್ಲಿ ಮಾಡುವುದು ಅನುಕೂಲವಾಯಿತು, ಅಷ್ಟೇ.

ಹಾಗಾಗಿ ನಾನು ಎಣಿಸುವುದು ಎಷ್ಟು ಇಂಗ್ಲಿಷ್ ಪದ ಒಳಗೆ ಬಂತು ಅಂತ ಅಲ್ಲ, ಎಷ್ಟು ಕನ್ನಡ ಕ್ರಿಯಾಪದಗಳಿಗೆ ಇನ್ನೂ ಕೆಲಸ ಇದೆ ಅಂತ. ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಕೇಳಿ, ‘ಒಂದು ಟಿಕೆಟ್ ರೇಯ್ಸ್ ಮಾಡಿ’ ಅನ್ನುತ್ತಾರೆ. ವೈಕಿಂಗರ ಪದ ಕನ್ನಡಕ್ಕೂ ಬಂತು! ಇದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ, ಟಿಕೆಟ್ ಹೊಸ ವಸ್ತು. ಆದರೆ ಕ್ಲಾಸಿನಲ್ಲಿ ಹ್ಯಾಂಡ್ ರೇಯ್ಸ್ ಮಾಡಿ, ಕ್ವೆಶ್ಚನ್ ರೇಯ್ಸ್ ಮಾಡಿ, ತಮ್ಮನನ್ನು ವೇಕ್ ಅಪ್ ಮಾಡು, ಬ್ಯಾಗ್ ಲಿಫ್ಟ್ ಮಾಡು ಅಂತ ಎಲ್ಲವೂ ‘ಮಾಡು’ ಆದಾಗ ಎತ್ತು, ಎಬ್ಬಿಸು, ಏರಿಸು ಇವೆಲ್ಲ ರಿಯರ್ ಹಾದಿ ಹಿಡಿಯುತ್ತವೆ. ಸಾಯುವುದಿಲ್ಲ, ಮೂಲೆಗೆ ಸೇರುತ್ತವೆ. ಹಬ್ಬದ ಭಾಷಣದಲ್ಲಿ ಕೇಳಿಸುತ್ತವೆ, ಅಡುಗೆಮನೆಯಲ್ಲಿ ಕೇಳಿಸುವುದಿಲ್ಲ. ‘ಮಾಡು’ ಒಂದೇ ಉಳಿದ ಕನ್ನಡಕ್ಕೆ ವಾಕ್ಯದ ಆಕಾರ ಇರುತ್ತದೆ, ಮೈಯಲ್ಲಿ ರಕ್ತ ಇರುವುದಿಲ್ಲ.

ಇದಕ್ಕೆ ದೊಡ್ಡ ಚಳವಳಿ ಬೇಡ. ಬೆಳಗ್ಗೆ ಮಗುವನ್ನು ಎಬ್ಬಿಸುವಾಗ ‘ಏಳು, ಹೊತ್ತಾಯ್ತು’ ಅನ್ನಿ. ಸ್ಕೂಲ್‌ಬ್ಯಾಗನ್ನು ‘ಎತ್ತಿಕೊ’ ಅನ್ನಿ. ವಾಲ್ಯೂಮ್ ಅನ್ನು ‘ಸ್ವಲ್ಪ ಏರಿಸು’ ಅನ್ನಿ. ನಾಮಪದ ಇಂಗ್ಲಿಷಿನದ್ದೇ ಇರಲಿ, ಪರವಾಗಿಲ್ಲ. ಕ್ರಿಯಾಪದ ಕನ್ನಡದ್ದಾಗಿರಲಿ. ಕನ್ನಡ ಈಗ ಕಲಿಯುತ್ತಿರುವ ನೀವು ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನು ಕೇಳಿ, ‘ನನ್ನನ್ನು ಚಿಕ್ಕವಯಸ್ಸಲ್ಲಿ ಎತ್ತಿ ಆಡಿಸಿದ್ರಾ’ ಅಂತ. ಆಕೆ ಕೊಡುವ ಉತ್ತರದಲ್ಲಿ ಎಷ್ಟು ಕ್ರಿಯಾಪದಗಳಿವೆ ಅಂತ ಎಣಿಸಿ, ಅದರಲ್ಲಿ ಒಂದೆರಡನ್ನು ಮುಂದಿನ ವಾರ ನೀವೂ ಬಳಸಿ.